ಝಾರನನ್ನು ಕೊಂದವರ ಕಥೆ ಹೇಳಿದ ಮೇಷ್ಟ್ರಿಗೆ

ಮೇಷ್ಟ್ರೇ,

ನಮ್ಮ ಮೂವರ ಹೆಸರನ್ನು ನೀವು ಅಣ್ಣನಿಗೆ ಕೊಟ್ಟಿರಿ. ಮೊದಲ ಸಾಲಿನಲ್ಲೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ವೈಕುಂಠದ ದಿನ ಎದ್ದು ನಿಂತು ಮಾತಾಡಿದವರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ. ಸಜ್ಜನರು, ಪುಸ್ತಕ ಪ್ರೇಮಿ, ಕೆನಡಾದ ಮಿಸಿಸಾಗಾಕ್ಕೆ ಓದಲು ಬಂದ ಕನ್ನಡದ ಹುಡುಗ ಹುಡುಗಿಯರಿಗೆ ತಂದೆಯ ಸಮಾನ ಎಂದರು. ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದವನೂ ಮಾತಾಡಿದ. ಮೆಡೋವೇಲ್‌ನ ಕೇಟರಿಂಗ್ ಅಡುಗೆಮನೆಯ ಒಡೆಯ, ಇಲ್ಲಿನ ಮದುವೆ ಮುಂಜಿಗೆಲ್ಲ ಊಟ ಕಳಿಸುವ ನಿಮ್ಮ ಸ್ನೇಹಿತ, ನಮ್ಮನ್ನು ಕೆಲಸದಿಂದ ಕಿತ್ತುಹಾಕಿದವನು. ಕರವಸ್ತ್ರದಿಂದ ಕಣ್ಣು ಒತ್ತಿಕೊಂಡ. ಆ ದಿನದ ಹೋಳಿಗೆಯೂ ಅವನದೇ ಅಡುಗೆಮನೆಯದು. ನಾನು ಮುಟ್ಟಲಿಲ್ಲ.

ನಿಮ್ಮನ್ನು ಮೊದಲು ಕಂಡದ್ದು ಸ್ಟ್ರೀಟ್ಸ್‌ವಿಲ್‌ನ ಕಾಫಿ ಅಂಗಡಿಯಲ್ಲಿ. ಶೈಲಾ, ಮಲ್ಲು, ನಾನು ಶಿಫ್ಟು ಮುಗಿಸಿ, ಕೋಟಿನ ಒಳಗೂ ಕರಿದ ಎಣ್ಣೆಯ ವಾಸನೆ ಹೊತ್ತು ಕೂತಿದ್ದೆವು. ಪಕ್ಕದ ಮೇಜಿನಿಂದ “ಯಾವೂರಮ್ಮ?” ಎಂದು ಕೇಳಿದಿರಿ. ಧಾರವಾಡ ಎಂದೆ. “ಪೇಡಾ ತರಲಿಲ್ವಾ?” ಎಂದಿರಿ. ಮೈಸೂರಿನವರೆಲ್ಲ ಕೇಳುವ ಪ್ರಶ್ನೆಯೇ, ಆದರೂ ನಕ್ಕೆ. ಬಂದು ನಾಲ್ಕು ತಿಂಗಳಾಗಿತ್ತು, ಅಷ್ಟರಲ್ಲಿ ಯಾರೂ ನನ್ನ ಊರನ್ನು ಕೇಳಿರಲಿಲ್ಲ. ಮುಂದಿನ ಶನಿವಾರ ನೀವು ಬಿಸ್ಕತ್ತಿನ ಡಬ್ಬಿಯೊಂದನ್ನು ತಂದಿರಿ. ಒಳಗೆ ಪಿನ್ನು ತುಕ್ಕು ಹಿಡಿದ, ಕ್ರಾಂತಿಯ, ಕಾರ್ಮಿಕರ ಹಕ್ಕಿನ ಕಿರುಪುಸ್ತಕಗಳು. ಕಾಲೇಜಿನಲ್ಲಿದ್ದಾಗ ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೀವೇ ಹಂಚುತ್ತಿದ್ದವು. ಎಂಜಿನಿಯರಾಗಿ, ಕೆನಡಾಕ್ಕೆ ಬಂದು, ನಿವೃತ್ತರೂ ಆಗಿ, ಇವನ್ನು ಎಸೆದಿರಲಿಲ್ಲವಲ್ಲ, ಆ ಒಂದೇ ಕಾರಣಕ್ಕೆ ನಿಮ್ಮನ್ನು ನಂಬಿದೆ. ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಈರುಳ್ಳಿ ಮೂಟೆಯ ಮೇಲೆ ಕೂತು ಓದಿದೆ. ನನಗೆ ಗೊತ್ತಿರುವುದೆಲ್ಲ ಆ ಡಬ್ಬಿಯಿಂದ ಬಂದದ್ದು. ಅದಕ್ಕೇ ನಿಮ್ಮನ್ನು ಮೇಷ್ಟ್ರೇ ಎಂದು ಕರೆದದ್ದು.

ಚೀಸ್ ಅಂಗಡಿಯ ಕಥೆ ಹೇಳಿದ ಶನಿವಾರ ನೆನಪಿದೆಯೆ? ಪೀಟರ್ಸ್‌ಬರ್ಗಿನಲ್ಲಿ ರಷ್ಯಾದ ಝಾರ್ ದೊರೆಯ ಸಾರೋಟು ಹಾದುಹೋಗುವ ಬೀದಿ. ಅಲ್ಲೊಂದು ನೆಲಮಾಳಿಗೆಯನ್ನು ಬಾಡಿಗೆಗೆ ಹಿಡಿದು, ಗಂಡ ಹೆಂಡತಿಯಂತೆ ನಟಿಸುತ್ತ ಇಬ್ಬರು ಚೀಸ್ ಮಾರಲು ಕೂತರು. ಹಿಂದಿನ ಕೋಣೆಯಿಂದ ಬೀದಿಯ ಅಡಿಗೆ ಬಾಂಬಿಡಲು ಸುರಂಗ ಕೊರೆದರು. ಅಗೆದ ಮಣ್ಣನ್ನು ಪೀಪಾಯಿಗಳಲ್ಲಿ ತುಂಬಿಟ್ಟು ಮುಚ್ಚಿದರು. ಅನುಮಾನ ಬಂದು ಅಧಿಕಾರಿಯೊಬ್ಬ ತಪಾಸಣೆಗೆ ಬಂದ. ನೆಲ ಯಾಕೆ ಒದ್ದೆ ಎಂದು ಕೇಳಿದ. ಕೆನೆ ಚೆಲ್ಲಿತು ಸ್ವಾಮಿ ಎಂದರು. ಅವನು ತಲೆಯಾಡಿಸಿ ಹೊರಟುಹೋದ. ಕೊನೆಗೆ ಝಾರ್ ಬೇರೆ ದಾರಿ ಹಿಡಿದ, ಅಲ್ಲಿ ಕಾದಿದ್ದ ಅವರ ಜೊತೆಗಾರರು ಬಾಂಬು ಎಸೆದು ಕೊಂದರು. ನೀವು ಇದನ್ನು ಎಷ್ಟು ಚೆನ್ನಾಗಿ ಹೇಳಿದಿರೆಂದರೆ ಶೈಲಾ ಉಸಿರು ಬಿಗಿಹಿಡಿದು ಕೂತಿದ್ದಳು. ಕಲಬುರಗಿಯ ಮಲ್ಲು ಮಾತ್ರ, “ನಮ್ಮ ಬೇಸ್‌ಮೆಂಟಿನಾಗ ಕೊರದ್ರ ಸೀದಾ ಲ್ಯಾಂಡ್‌ಲಾರ್ಡನ ಲಾಂಡ್ರಿ ರೂಮಿನಾಗ ಏಳ್ತೀವಿ ನೋಡ್ರಿ” ಎಂದ. ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಆಮೇಲೆ ಗಂಭೀರವಾದಿರಿ. “ಬಾಂಬಿನ ಮಾತು ಬಿಡಿ. ಬಾಂಬಿಂದ ಏನಾಯ್ತು? ಅಪ್ಪ ಸತ್ತ, ಮಗ ಕೂತ, ಹಗ್ಗ ಇನ್ನೂ ಬಿಗಿ ಆಯ್ತು. ಅವರಿಂದ ಕಲೀಬೇಕಾದ್ದು ಕಟಕಟೆಯಲ್ಲಿ ಹೇಗೆ ನಿಂತರು ಅನ್ನೋದನ್ನ.” ಕಲಿತೆವು, ಮೇಷ್ಟ್ರೇ. ಅದೇ ನಮ್ಮ ತಪ್ಪು.

ಶೈಲಾಳ ಕೈ ಸುಟ್ಟದ್ದು ಒಂದು ಶುಕ್ರವಾರ. ಮರುದಿನದ ಮದುವೆಗೆ ವಡೆ ಕರಿಯುತ್ತಿದ್ದಳು. ತಿಂಗಳಿಂದ ಸ್ಟೌವಿನ ಒಂದು ಕಾಲು ಅಲುಗಾಡುತ್ತಿತ್ತು, ಅಣ್ಣನಿಗೆ ನಾಲ್ಕು ಸಲ ಹೇಳಿದ್ದೆವು. ಬಾಣಲೆ ವಾಲಿತು. ಬಲಗೈಯ ಬೆರಳಿಂದ ಮೊಣಕೈವರೆಗೆ ಚರ್ಮ... ಬೇಡ, ನಿಮಗೆ ಆಗಲೇ ವಿವರವಾಗಿ ಹೇಳಿದ್ದೇನೆ, ನೀವು ಕಾಫಿ ಕುಡಿಯುವುದನ್ನು ನಿಲ್ಲಿಸಿ ಕೇಳಿದ್ದಿರಿ. ಅಣ್ಣ ತಾನೇ ಅವಳನ್ನು ಕಾರಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಹೇಳಿದ: “ಮನೇಲಿ ಸುಟ್ಕೊಂಡೆ ಅನ್ನಮ್ಮ. ನಿನ್ನ ಪಿಆರ್ ಲೆಟರಿಗೆ ನಾನೇ ತಾನೇ ಸೈನ್ ಹಾಕ್ಬೇಕು?” ಇಲ್ಲಿ ಕಾಯಂ ನೆಲೆಸುವ ಪರವಾನಗಿಗೆ ಅವನ ಆ ಪತ್ರ ಇಲ್ಲದೆ ಆಗದು, ಅವಳು ಹಾಗೇ ಹೇಳಿದಳು. ಡಾಕ್ಟರು ಹಾಗೇ ಬರೆದುಕೊಂಡರು. ನಾವು ಕೇಳಿದ್ದು ದೊಡ್ಡದೇನಲ್ಲ. ಆ ಕೈ ಸುಟ್ಟದ್ದು ಆ ಅಡುಗೆಮನೆಯಲ್ಲಿ ಎಂದು ಒಬ್ಬ ಅಧಿಕಾರಿ ಒಂದು ಹಾಳೆಯಲ್ಲಿ ಬರೆಯಬೇಕಿತ್ತು. ಅಷ್ಟೇ.

ದೂರಿನ ಕರಡನ್ನು ನಿಮ್ಮ ಮುಂದಿಟ್ಟಾಗ ಅದರಲ್ಲಿ ಹೆಸರುಗಳಿರಲಿಲ್ಲ. ‘ಇಲ್ಲಿನ ಕೆಲಸಗಾರರು’ ಎಂದು ಮಾತ್ರ ಬರೆದಿದ್ದೆವು. ಕಾರ್ಮಿಕ ಇಲಾಖೆಗೆ ಹೋಗುವ ಕಾಗದ, ಇಂಗ್ಲಿಷ್ ತಿದ್ದಿಕೊಡಿ ಎಂದು ಕೇಳಲು ಬಂದಿದ್ದೆವು. ನೀವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರಿ. “ಹೆಸರಿಲ್ಲದ ದೂರು ಗೋಡೆ ಮೇಲಿನ ಬರಹ. ಯಾರು ಬೇಕಾದ್ರೂ ಅಳಿಸ್ತಾರೆ” ಎಂದಿರಿ. ಮತ್ತೆ ಆ ಕಥೆ. ಝಾರನನ್ನು ಕೊಲ್ಲುವ ಎರಡು ದಿನ ಮೊದಲೇ ಸಿಕ್ಕಿಬಿದ್ದು ಜೈಲಿನಲ್ಲಿದ್ದ ಅವರ ಮುಂದಾಳು, ಕೊಲೆಯಾದ ಸುದ್ದಿ ಕೇಳಿದ್ದೇ, ನನ್ನನ್ನೂ ಇದರಲ್ಲಿ ಸೇರಿಸಿ ವಿಚಾರಣೆ ಮಾಡಿ ಎಂದು ತಾನೇ ಪತ್ರ ಬರೆದನಂತೆ. ನೇಣಿಗೆ ಅರ್ಜಿ ಹಾಕಿದವನು! ಮಲ್ಲು, ನಾನು ಹೆಸರು ಬರೆದು ಸೈನ್ ಹಾಕಿದೆವು. ಶೈಲಾ ಹಿಂಜರಿದಳು. “ಸಾರ್, ನಂದು ಲೆಟರ್ ಇನ್ನೂ ಬಂದಿಲ್ಲ ಕಣ್ ಸಾರ್” ಎಂದಳು. ನಾನು ಅವಳನ್ನು ಗದರಿಸಿದೆ. ಅವಳು ಎಡಗೈಯಲ್ಲಿ, ಅಂಗನವಾಡಿ ಮಗುವಿನಂತೆ ಸೊಟ್ಟಸೊಟ್ಟಗೆ ಸೈನ್ ಮಾಡಿದಳು. “ಸೋಮವಾರ ತಿದ್ದಿ ಕೊಡ್ತೀನಿ” ಎಂದು ನೀವು ಹಾಳೆಯನ್ನು ಮಡಚಿ ಒಳಜೇಬಿಗೆ ಹಾಕಿಕೊಂಡಿರಿ.

ಸೋಮವಾರ ಬೆಳಗ್ಗೆ ಅಣ್ಣ ನಮ್ಮನ್ನು ಆಫೀಸಿಗೆ ಕರೆದು ಫೋನನ್ನು ನಮ್ಮತ್ತ ತಿರುಗಿಸಿ ಹಿಡಿದ. ಪರದೆಯ ಮೇಲೆ ನಮ್ಮ ಹಾಳೆ. ಅದರ ಮೇಲೆಲ್ಲ ನಿಮ್ಮ ಕೆಂಪು ಪೆನ್ನು. ಕೊಡುವ ಮುಂಚೆ ತಿದ್ದಿದ್ದಿರಿ, ಮೇಷ್ಟ್ರೇ! ಎರಡು ವಾಕ್ಯವನ್ನು ಒಂದು ಮಾಡಿದ್ದಿರಿ, ಒಂದು ಕಡೆ ‘ಚೆನ್ನಾಗಿದೆ’ ಎಂದು ಕೂಡ ಬರೆದಿದ್ದಿರಿ. ಅಣ್ಣ ಕೂಗಾಡಲಿಲ್ಲ. “ಊಟ ಹಾಕಿದ ಕೈ ಇದು” ಎಂದು ತನ್ನ ಕೈ ತೋರಿಸಿದ. “ಏಪ್ರನ್ ಬಿಚ್ಚಿಟ್ಟು ಹೋಗಿ. ಶೈಲಾ, ನಿನ್ನ ಲೆಟರ್ ಮರೆತುಬಿಡು.”

ಆ ಶನಿವಾರ ನೀವು ಏನೂ ಆಗದವರಂತೆ ಅದೇ ಮೇಜಿಗೆ ಬಂದಿರಿ. “ಕೂತ್ಕೊ ಗಿರಿಜಾ. ನಿಂತ್ಕೊಂಡಿದ್ರೆ ಕಾಫಿ ಆರೋಗತ್ತೆ.”

“ಯಾಕ ಮಾಡಿದ್ರಿ ಅದನ್ನ ಹೇಳ್ರಿ ಮೊದಲ.”

“ನೋಡಮ್ಮ, ಹೊರಗಿನವರ ಮುಂದೆ ನಮ್ಮ ಕನ್ನಡದವರ ಮಾನ ಯಾಕೆ ಅಂತ... ಒಳಗೊಳಗೇ ಮಾತಾಡಿ ಸರಿ ಮಾಡೋಣ ಅಂದ್ಕೊಂಡೆ. ಅವನು ಈ ಥರ ಮಾಡ್ತಾನೆ ಅಂತ ಗೊತ್ತಿರಲಿಲ್ಲ.”

“ಶೈಲಾ ಕನ್ನಡದಾಕಿ ಅಲ್ಲೇನ್ರೀ?”

ನೀವು ಲೋಟದ ಮುಚ್ಚಳ ತೆಗೆದು ಮತ್ತೆ ಹಾಕಿದಿರಿ. ಆಗ ಮಲ್ಲು ಹೇಳಿದ: “ಮೇಷ್ಟ್ರ, ಆ ಚೀಸ್ ಅಂಗಡಿಗೆ ಬಂದ ಅಧಿಕಾರಿಗೆ ಏನೂ ಕಾಣಲಿಲ್ಲ, ಪಾಪ. ನೀವಿದ್ದಿದ್ರ ಟಾರ್ಚ್ ಹಿಡ್ದು ಸುರಂಗ ತೋರಿಸಿ, ತಲಿ ಬಗ್ಗಿಸಿ ಬರ್ರಿ ಸಾಹೇಬ್ರ ಅಂತಿದ್ರಿ.” ನಿಮ್ಮ ಮುಖ ಬಿಳಿಚಿಕೊಂಡಿತು. ನನಗೆ ಅಯ್ಯೋ ಅನ್ನಿಸಲಿಲ್ಲ. ಇನ್ನೂ ಹೇಳು ಎಂದು ಮಲ್ಲುವಿನ ಕಡೆ ನೋಡಿದೆ.

ಆಮೇಲೆ ನಾವೇ ಇಲಾಖೆಗೆ ಹೋಗಿ ದೂರು ಕೊಟ್ಟೆವು, ಮನೆಯಲ್ಲಿ ಸುಟ್ಟದ್ದೆಂದು ಡಾಕ್ಟರು ಬರೆದಿದ್ದರಿಂದ ಅಲ್ಲಿನ ಆಫೀಸರ್ ಸಾಕ್ಷಿ ಕೇಳಿದರು. ಶೈಲಾಳನ್ನು ಏರ್‌ಪೋರ್ಟಿಗೆ ಬಿಡಲು ಹೋದ ದಿನ ನೀವು ಬರಲಿಲ್ಲ. ಬೇರೆ ಕೆಲಸ ಮಾಡಲು ಆ ಕೈಯಲ್ಲಿ ಆಗುತ್ತಿರಲಿಲ್ಲ, ಮನೆಯವರು ವಾಪಸು ಬಾ ಎಂದಿದ್ದರು. ಬ್ಯಾಗನ್ನು ಬೆಲ್ಟಿನ ಮೇಲೆ ಎತ್ತಿಡಲು ಆಗದೆ ಅವಳು ಸುತ್ತ ನೋಡಿದಳು. ನಾನು ಎತ್ತಿಟ್ಟೆ. ಅಳುತ್ತಿದ್ದದ್ದು ನಾನು. “ಅಳ್ಬೇಡ ಕಣೆ, ಮಂಡ್ಯದಲ್ಲಿ ವಡೆ ಬೇರೆಯವ್ರು ಕರ್ದು ಕೊಡ್ತಾರೆ, ನಾನು ತಿನ್ನೋದಷ್ಟೇ” ಎಂದಳು. ಸೈನ್ ಮಾಡೆಂದು ಗದರಿಸಿದವಳು ನಾನೇ ಎಂದು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ. ಆ ಪಾಲು ನನ್ನದು, ನಿಮ್ಮ ಮೇಲೆ ಹಾಕುವುದಿಲ್ಲ. ಉಳಿದದ್ದು ನಿಮ್ಮದು.

ಆಮೇಲೆ ನೀವು ಮೂರು ಸಲ ಫೋನ್ ಮಾಡಿದಿರಿ. ಮೂರು ಸಲವೂ ನಿಮ್ಮ ಹೆಸರು ಮಿನುಗುವುದನ್ನು ನೋಡುತ್ತ ಕೂತಿದ್ದೆ. ಮೂರನೆಯದರ ಮರುದಿನ ನಿಮ್ಮ ಮನೆಯ ಮುಂದೆ ಸ್ನೋ ತೆಗೆಯುತ್ತ ಕುಸಿದಿರಂತೆ. ಫೋನ್ ಎತ್ತಬೇಕಿತ್ತು ಎಂದು ಎಲ್ಲರೂ ಹೇಳುತ್ತಾರೆ. ಯಾಕೆ? ನಿಮ್ಮ ಮನಸ್ಸು ಹಗುರವಾಗಲೆಂದೆ?

ಫ್ಯೂನರಲ್ ಹೋಮಿನಲ್ಲಿ ಸಾಲು ನಿಲ್ಲಿಸಿದ್ದರು. ಒಬ್ಬೊಬ್ಬರೇ ಹೂ ಹಾಕಿ ಕೈಮುಗಿದು ಮುಂದೆ ಹೋಗಬೇಕು. ನೀವೇ ಹೇಳಿದ್ದಿರಿ, ಮೊದಲ ಬಾಂಬು ಎಸೆದ ಹತ್ತೊಂಬತ್ತರ ಹುಡುಗ ಹಿಡಿದ ಕೂಡಲೇ ಎಲ್ಲರ ಹೆಸರು ಹೇಳಿದ, ಜೀವ ಉಳಿಸುತ್ತಾರೆಂದು ನಂಬಿದ, ಅವನನ್ನೂ ಅವರ ಜೊತೆಯಲ್ಲೇ ನೇಣಿಗೆ ಹಾಕಿದರು ಎಂದು. ನೇಣಿಗೆ ಹೋದವರಲ್ಲಿ ಒಬ್ಬಳೇ ಹೆಂಗಸು, ಅವಳು ನೇಣುಗಂಬದ ಕೆಳಗೆ ಉಳಿದವರಿಗೆ ಮುತ್ತಿಟ್ಟು ಬೀಳ್ಕೊಟ್ಟಳು, ಅವನ ಸರದಿ ಬಂದಾಗ ಮುಖ ತಿರುಗಿಸಿದಳು ಎಂದು. ಅದು ಕ್ರೌರ್ಯವಲ್ಲವೇ ಎಂದು ಶೈಲಾ ಕೇಳಿದಾಗ, “ಕ್ರೌರ್ಯವೇ. ಆದರೆ ಲೆಕ್ಕ ತಪ್ಪಿದ ಕ್ರೌರ್ಯ ಅಲ್ಲ” ಎಂದಿದ್ದಿರಿ. ಸಾಲು ಮುಂದೆ ಸರಿಯಿತು. ನನ್ನ ಸರದಿ ಬಂತು. ನಾನು ಮುಖ ತಿರುಗಿಸಿದೆ. ಕೈಯಲ್ಲಿದ್ದ ಸೇವಂತಿಗೆಯನ್ನು ಹಿಂದಿದ್ದವರಿಗೆ ಕೊಟ್ಟು ಹೊರಗೆ ಬಂದೆ. ಅದನ್ನು ನೋಡಿದವರು ಸರೋಜಾ ಆಂಟಿ ಒಬ್ಬರೇ. ನಿಮ್ಮ ಹೆಂಡತಿ.

ವೈಕುಂಠ ಮುಗಿದ ನಾಲ್ಕನೆಯ ದಿನ ಆಂಟಿ ನನ್ನ ಬೇಸ್‌ಮೆಂಟಿನ ಮೆಟ್ಟಿಲಿಳಿದು ಬಂದರು. ಬೈಯಲು ಬಂದಿದ್ದಾರೆ ಎಂದುಕೊಂಡೆ. “ಯಾಕೆ ಮುಖ ತಿರುಗಿಸಿದೆ?” ಎಂದಷ್ಟೇ ಕೇಳಿದರು. ಹೇಳಿದೆ, ಒಂದನ್ನೂ ಬಿಡದೆ. ಅವರು ಕೈಚೀಲದಿಂದ ನಿಮ್ಮ ಫೋನು ತೆಗೆದರು. ನೀವು ಹಾಳೆ ಕಳಿಸಿದ ದಿನ ಅಣ್ಣ ನಿಮಗೆ ಬರೆದದ್ದು ಅದರಲ್ಲಿತ್ತು: ಸ್ಟೌವಿನ ಕಾಲು ಹಾಳಾಗಿದ್ದು ನಿಜ ಸಾರ್, ರಿಪೇರಿ ಮಾಡಿಸ್ತೀನಿ, ಹುಡುಗೀಗೆ ಮನೇಲಿ ಅಂತ ಹೇಳೋಕೆ ನಾನೇ ಹೇಳಿದ್ದು, ನೀವು ಇದನ್ನ ಇಲ್ಲಿಗೇ ಬಿಡಿ. ಕೆಳಗೆ ನಿಮ್ಮ ಉತ್ತರ: ಆಯ್ತು. ಒಂದೇ ಪದ. ಅಂದರೆ ನಿಮ್ಮ ಜೇಬಿನಲ್ಲಿ ಸಾಕ್ಷಿ ಇತ್ತು, ನಾವು ಇಲಾಖೆಗೆ ಹೋದಾಗ, ಕೆಲಸ ಕಳೆದುಕೊಂಡವರ ಸೇಡು ಎಂದು ಅಣ್ಣ ನಗುತ್ತಿದ್ದಾಗ, ಶೈಲಾ ವಿಮಾನ ಹತ್ತಿದಾಗ... ಆಗೆಲ್ಲ ಅದು ನಿಮ್ಮ ಜೇಬಿನಲ್ಲೇ ಇತ್ತು!

ಆಂಟಿ ಕೇಳಿದರು: “ಅವರ ಹೆಸರು ಬಿಟ್ಟು ಇದನ್ನ ಇಲಾಖೆ ಆಫೀಸರಿಗೆ ತೋರಿಸಕ್ಕಾಗಲ್ವೇನೇ?” ಆಗುವುದಿಲ್ಲ ಎಂದೆ. “ನಲವತ್ತು ವರ್ಷ ಸಂಸಾರ ಮಾಡಿದೀನಿ ಕಣೆ.” ಗೊತ್ತು ಎಂದೆ. ಆದರೂ ಆಗುವುದಿಲ್ಲ ಎಂದೆ. ಅವರು ಫೋನನ್ನು ಚೀಲಕ್ಕೆ ಹಾಕಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ಮೂರು ದಿನ ಸುದ್ದಿಯಿಲ್ಲ. ಮುಗಿಯಿತು ಎಂದುಕೊಂಡೆ. ಅವರನ್ನೂ ನಿಮ್ಮ ಜೊತೆಗೇ ಸೇರಿಸಿಬಿಟ್ಟಿದ್ದೆ.

ನಿನ್ನೆ ಫೋನ್ ಬಂತು. ನಾನು ಹಲೋ ಎನ್ನುವ ಮೊದಲೇ ಶುರು ಮಾಡಿದರು. “ಆ ಆಫೀಸರ್ ಹತ್ರ ಮಾತಾಡಿದೀಯಾ? ಸರಿ. ಮಂಡ್ಯದ ಹುಡುಗಿಗೆ ಹೇಳು, ವಿಡಿಯೋದಲ್ಲಿ ಕೂತ್ಕೊಳ್ಳಲಿ. ನಾನೂ ಬರ್ತೀನಿ. ಆದ್ರೆ ಅವರ ಹೆಸರನ್ನ ನೀನು ಹೇಳಕೂಡದು. ನಾನು ಹೇಳ್ತೀನಿ. ನನ್ನ ಗಂಡ ಮಾಡಿದ್ದು ಅಂತ ನಾನೇ ಹೇಳ್ತೀನಿ.”

ಈ ಸುದ್ದಿ ತಿಳಿಸಲು ಬರೆದೆ. ಬುಧವಾರ ಬೆಳಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ನಿಮ್ಮ ಮನೆಗೆ ಬರುತ್ತೇನೆ, ಆಂಟಿಯನ್ನು ಇಲಾಖೆಗೆ ಕರೆದುಕೊಂಡು ಹೋಗಲು.

ಗಿರಿಜಾ