ಮಕ್ಕಳ ಕಿಟಕಿಯ ಕೆಳಗೆ ಆರಿಸದ ಎಂಜಿನ್‌ಗಳು

ಮಕ್ಕಳ ಆಸ್ಪತ್ರೆಯ ಮಾನ್ಯ ಮುಖ್ಯ ಅಧೀಕ್ಷಕರೇ,

ಬರುವ ಭಾನುವಾರ ಹಳೇ ಕಾರುಗಳ ರ‍್ಯಾಲಿ ಮತ್ತೊಮ್ಮೆ ನಿಮ್ಮ ಆಸ್ಪತ್ರೆಯ ಅಂಗಳದಿಂದಲೇ ಹೊರಡಲಿದೆಯಂತೆ. ‘ಜನರ ಒತ್ತಾಯದ ಮೇರೆಗೆ’ ಎಂದು ಗೇಟಿಗೆ ಕಟ್ಟಿದ ಬ್ಯಾನರ್ ಹೇಳುತ್ತಿದೆ. ಯಾವ ಜನ ಸ್ವಾಮಿ? ಮೊದಲ ಮಹಡಿಯ ಉಸಿರಾಟದ ವಾರ್ಡಿನಲ್ಲಿ ಮಲಗಿರುವ ಮಕ್ಕಳನ್ನಂತೂ ಯಾರೂ ಕೇಳಿಲ್ಲ. ಹೋದ ಸಲ ಆ ಕಾರುಗಳ ಹೊಗೆ ಕುಡಿದು, ಮರುದಿನ ಮನೆಗೆ ಹೊರಡಬೇಕಿದ್ದ ನನ್ನ ಮೊಮ್ಮಗಳು ಮತ್ತೆ ಹಾಸಿಗೆ ಹಿಡಿದಳು. ಎರಡು ತಿಂಗಳಾಯಿತು, ಇನ್ನೂ ಎದ್ದಿಲ್ಲ. ಈ ಸಲ ಅವಳನ್ನೇ ಕಿಟಕಿಯಲ್ಲಿ ಕೂರಿಸಿ ಬಾವುಟ ಬೀಸಿಸುವ ಏರ್ಪಾಡು ಮಾಡಿದ್ದೀರಿ. ಅದನ್ನು ತಡೆಯುವುದಕ್ಕೇ ಈ ಪತ್ರ.

ನಿಮ್ಮ ಕೋಣೆಗೆ ಬಂದು ಬಾಯಲ್ಲಿ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಊರೆಲ್ಲ ಓದಲಿ ಎಂದು ಈಗ ಬರೆಯುತ್ತಿದ್ದೇನೆ. ಕೋರ್ಟಿನ ಮೆಟ್ಟಿಲ ಪಕ್ಕ ಟೈಪ್‌ರೈಟರ್ ಇಟ್ಟುಕೊಂಡು ಕಂಡವರ ಅರ್ಜಿಗಳನ್ನು ಟೈಪ್ ಮಾಡುತ್ತಲೇ ಮುದುಕಿಯಾದವಳು ನಾನು. ‘ತಮ್ಮ ಸನ್ನಿಧಾನಕ್ಕೆ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಸಾಲು ನನಗೆ ನಿದ್ದೆಯಲ್ಲೂ ಬರುತ್ತದೆ. ವಿನಮ್ರತೆ ಬೇಕಿದ್ದರೆ ಹೇಳಿ ಕಳಿಸಿ, ಬೇರೆ ಹಾಳೆಯಲ್ಲಿ ಟೈಪ್ ಮಾಡಿ ಕೊಡುತ್ತೇನೆ. ಇದರಲ್ಲಿ ಹುಡುಕಬೇಡಿ.

ನನ್ನ ಮೊಮ್ಮಗಳನ್ನು ಮನೆಯಲ್ಲಿ ನಾವು ಚಿನಕುರುಳಿ ಅನ್ನುತ್ತೇವೆ. ಬಾಯಿ ತೆರೆದರೆ ಮುಚ್ಚುವವಳಲ್ಲ. ‘ಸ್ವಲ್ಪ ಹೊತ್ತು ಸುಮ್ನಿರೇ ತಾಯಿ’ ಎಂದು ನಾನೇ ಎಷ್ಟೋ ಸಲ ಕೈ ಮುಗಿದಿದ್ದೇನೆ. ಈಗ ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಾಳೆ. ಅವಳಿರುವ ವಾರ್ಡಿನ ಕಟ್ಟುನಿಟ್ಟು ನಿಮಗೆ ಗೊತ್ತಿರಲೇಬೇಕು, ಬಾಗಿಲಿಗೆ ಹಾಕಿದ ಫಲಕದಲ್ಲಿ ನಿಮ್ಮದೇ ಸಹಿಯಿದೆ. ಹೂವು ತರಬೇಡಿ, ಸೆಂಟು ಹಾಕಿಕೊಂಡು ಬರಬೇಡಿ, ಅಂಗಳದ ಕಡೆಯ ಕಿಟಕಿ ತೆರೆಯಬೇಡಿ. ಒಮ್ಮೆ ನಾನು ಮುಖಕ್ಕೆ ಒಂದಿಷ್ಟು ಪೌಡರ್ ಬಳಿದುಕೊಂಡು ಹೋಗಿದ್ದೆ. ಸಿಸ್ಟರ್ ಬಾಗಿಲಲ್ಲೇ ತಡೆದಳು. "ಅಜ್ಜಿ, ಮುಖ ತೊಳ್ಕೊಂಡು ಬನ್ನಿ, ಮಕ್ಕಳಿಗೆ ಆಗಲ್ಲ" ಅಂದಳು. ಅವಳು ಹೇಳಿದ್ದು ಸರಿ. ತೊಳೆದುಕೊಂಡೇ ಒಳಗೆ ಹೋದೆ. ಚಿಟಿಕೆ ಪೌಡರ್ ಆಗದ ಮಕ್ಕಳ ಮೂಗಿನ ಕೆಳಗೆ ಹೊಗೆ ಕಾರುವ ಮುದಿ ಕಾರುಗಳ ಸಾಲನ್ನೇ ತಂದು ನಿಲ್ಲಿಸಿದಿರಲ್ಲ, ನಿಮ್ಮ ಮುಖ ತೊಳೆಸುವವರು ಯಾರು?

ಹೋದ ಸಲ ಕಾರುಗಳು ಬಂದ ಬೆಳಿಗ್ಗೆ ನಿಮ್ಮ ಅಪ್ಪಣೆ ವಾರ್ಡಿಗೆ ಬಂತು. ಕಿಟಕಿಗಳನ್ನೆಲ್ಲ ತೆರೆಯಬೇಕು, ಮಕ್ಕಳು ಕೈಬೀಸಬೇಕು, ಕೆಳಗಿನಿಂದ ಫೋಟೋ ತೆಗೆಯುತ್ತಾರೆ ಎಂದು. ಸಿಸ್ಟರ್ ಮುಖ ಸಣ್ಣಗೆ ಮಾಡಿಕೊಂಡು ಚಿಲಕ ಎಳೆದಳು. ಕಾರುಗಳು ಒಂದೊಂದಾಗಿ ಬಂದು ನಿಂತವು. ಸುಳ್ಳೇಕೆ ಹೇಳಲಿ, ನೋಡಲು ಚೆಂದವೇ ಇದ್ದವು. ಚಿನಕುರುಳಿಯಂತೂ ಹಾಸಿಗೆಯ ಮೇಲೇ ಕುಣಿದಳು. "ಅಜ್ಜೀ, ಆ ಕೆಂಪು ಕಾರಿನ ಲೈಟು ನೋಡು, ನಿನ್ನ ಕನ್ನಡಕದ ಥರಾನೇ ಇದೆ!" ಅಂದಳು. ಆಮೇಲೆ ಶುರುವಾಯಿತು ಕಾಯುವುದು. ಮುಖ್ಯ ಅತಿಥಿಗಳು ಬರುವವರೆಗೆ ಭಾಷಣ, ಭಾಷಣಗಳು ಮುಗಿದರೂ ಅತಿಥಿಗಳ ಸುಳಿವಿಲ್ಲ. ಅಷ್ಟು ಹೊತ್ತೂ ಒಂದೇ ಒಂದು ಎಂಜಿನ್ ಆರಲಿಲ್ಲ. ಅಂಗಳಕ್ಕೆ ಮೂರು ಕಡೆಯೂ ಕಟ್ಟಡ. ಹೊಗೆ ಮೇಲಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು? ಮೊದಲು ಮೂಲೆಯ ಹಾಸಿಗೆಯ ಮಗು ಕೆಮ್ಮಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ನಮ್ಮವಳು. ಕಿಟಕಿ ಮುಚ್ಚಲು ಹೋದ ಸಿಸ್ಟರ್‌ಗೆ ಕೆಳಗಿನಿಂದ ಫೋಟೋಗ್ರಾಫರ್, "ಮುಚ್ಚಬೇಡಿ ಮೇಡಂ, ಮಕ್ಕಳು ಕಾಣಲ್ಲ" ಎಂದು ಕೂಗಿದ.

ನಾನು ಮೆಟ್ಟಿಲಿಳಿದು ಓಡಿದೆ. ರ‍್ಯಾಲಿ ಸಮಿತಿಯ ಅಧ್ಯಕ್ಷರು ಮೆತ್ತನೆಯ ಬಟ್ಟೆಯಲ್ಲಿ ತಮ್ಮ ಕೆಂಪು ಕಾರಿನ ಬಾನೆಟ್ ಒರೆಸುತ್ತಿದ್ದರು.

"ಸ್ವಲ್ಪ ಆಫ್ ಮಾಡಿಸಪ್ಪಾ, ಮೇಲೆ ಮಕ್ಕಳು ಕೆಮ್ತಾ ಇದ್ದಾವೆ" ಅಂದೆ.

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗೋದು ಕಷ್ಟ ಅಜ್ಜಿ" ಅಂದರು. "ಇವಕ್ಕೆಲ್ಲ ತುಂಬಾ ವಯಸ್ಸಾಗಿದೆ. ಬಿಸಿಯಾದ ಮೇಲೆ ನಿಲ್ಲಿಸಿದ್ರೆ ಹಟ ಹಿಡಿದುಬಿಡ್ತವೆ, ಪಾಪ."

ಪಾಪ ಅಂದದ್ದು ಕಾರುಗಳಿಗೆ. ಅತಿಥಿಗಳು ಬಾವುಟ ಬೀಸಿದಾಗ ಕಾರು ಕೆಮ್ಮಿ ನಿಂತುಬಿಟ್ಟರೆ ಮಾನ ಮೂರು ಕಾಸಿಗೆ ಹೋಗುತ್ತದೆ ನೋಡಿ. ಕಾರು ಕೆಮ್ಮಬಾರದು, ಮಕ್ಕಳು ಕೆಮ್ಮಬಹುದು. ಅಧ್ಯಕ್ಷರ ಪಕ್ಕದಲ್ಲೇ ನೀವು ನಿಂತಿದ್ದಿರಿ, ಕರವಸ್ತ್ರವನ್ನು ಮಡಚಿ ಮೂಗಿಗೆ ಒತ್ತಿಕೊಂಡು. ಆದ್ದರಿಂದ ಹೊಗೆಯ ವಿಷಯ ತಮ್ಮ ಗಮನಕ್ಕೆ ಬಂದಿರಲಿಲ್ಲ ಎಂಬ ವಾದವನ್ನು ದಯವಿಟ್ಟು ಹೂಡಬೇಡಿ. ನಿಮ್ಮ ಶ್ವಾಸಕೋಶದ ಬಗ್ಗೆ ನಿಮಗಿದ್ದ ಕಾಳಜಿ ಅಂಗಳಕ್ಕೆಲ್ಲ ಕಾಣುತ್ತಿತ್ತು.

ಸಂಜೆಯ ಹೊತ್ತಿಗೆ ನಮ್ಮ ಮಗುವಿನ ತುಟಿ ನೀಲಿಯಾಯಿತು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಹೋಗುತ್ತಿತ್ತು. ನನ್ನ ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮಗಳು ಮನೆಗೆ ಬರುವಾಗ ಹಾಕಿಕೊಳ್ಳಲೆಂದು ಫ್ರಾಕನ್ನು ಸುಕ್ಕಿಲ್ಲದಂತೆ ಇಸ್ತ್ರಿ ಮಾಡಿ ತಂದಿದ್ದಳು. ಅದನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಳು. ಅಷ್ಟರಲ್ಲಿ ರ‍್ಯಾಲಿಯ ದೇಣಿಗೆಯ ನೆರವಿನಿಂದ ಆಸ್ಪತ್ರೆಗೆ ಬಂದ ಹೊಸ ಉಸಿರಾಟದ ಯಂತ್ರವನ್ನು ರಿಬ್ಬನ್ ಕಟ್ಟಿ ವಾರ್ಡಿಗೆ ತಂದರು. ರಿಬ್ಬನ್ ಕಿತ್ತು ಮೊದಲು ಹಚ್ಚಿದ್ದು ಇವಳಿಗೇ! ಉದ್ಘಾಟನೆಯಾದ ದಿನವೇ ಗಿರಾಕಿ ಸಿಕ್ಕಿದಳು. ಬೆಳಿಗ್ಗೆ ಕಾಯಿಲೆ ಕೊಟ್ಟು ಸಂಜೆ ಯಂತ್ರ ಕೊಡುವ ಇಷ್ಟು ಚುರುಕಿನ ಸೇವೆಯನ್ನು ನಾನು ಎಲ್ಲೂ ಕಂಡಿಲ್ಲ. ಆಗಲೂ ಫೋಟೋ ತೆಗೆದರು. ಮಾಸ್ಕ್ ಹಾಕಿದ ಆ ಮುಖವೇ ಈಗ ಗೇಟಿನ ಬ್ಯಾನರಿನಲ್ಲಿದೆ. ‘ನಿಮ್ಮ ನೆರವು, ಇವಳ ಉಸಿರು’ ಎಂದು ಕೆಳಗೆ ಬರೆಸಿದ್ದೀರಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರ ಬಗ್ಗೆ ಕೇಳಿದ್ದೆ. ತೂಗುವಾಗ ಫೋಟೋ ತೆಗೆಸಿಕೊಂಡು ಬೀದಿಬೀದಿಗೆ ಅಂಟಿಸುವವರನ್ನು ಈಗ ನೋಡಿದೆ.

ಯಂತ್ರ ಕೊಟ್ಟವರಿಗೆ ನಾನು ಶಾಪ ಹಾಕುತ್ತಿಲ್ಲ. ಅದು ಇಲ್ಲದಿದ್ದರೆ ಇವತ್ತು ನಾನು ಟೈಪ್ ಮಾಡುತ್ತಿದ್ದುದು ಈ ಪತ್ರವನ್ನಲ್ಲ. ಹಳೇ ಕಾರು ಸಾಕುವವರು ಸಾಕಲಿ, ಓಡಿಸಲಿ, ಅದರಿಂದ ನಾಲ್ಕು ಮಕ್ಕಳಿಗೆ ಒಳ್ಳೆಯದಾಗುವುದಾದರೆ ದಾರಿ ತುಂಬ ಓಡಿಸಲಿ. ಆದರೆ ರಸ್ತೆಯಾಚೆ ಅಷ್ಟು ದೊಡ್ಡ ಮೈದಾನ ಖಾಲಿ ಬಿದ್ದಿರುವಾಗ ಹೊರಡುವುದಕ್ಕೆ ಈ ಅಂಗಳವೇ ಏಕೆ ಬೇಕು? ನಾನೇ ಹೇಳುತ್ತೇನೆ ಕೇಳಿ. ಮೈದಾನದಲ್ಲಿ ನಿಂತರೆ ಅದು ಬರೀ ಉಳ್ಳವರ ಸವಾರಿ. ಕಾರಿನ ಹಿಂದೆ ಕಿಟಕಿಯಲ್ಲೊಂದು ಬಡಕಲು ಮುಖ ಕಂಡರೆ ಮಾತ್ರ ಅದು ಸೇವೆ. ನಿಮಗೆ ಬೇಕಾದದ್ದು ಗುಣವಾದ ಮಗುವಲ್ಲ, ಕಾಯಿಲೆಯ ಮಗು. ನಮ್ಮ ಚಿನಕುರುಳಿ ಆವತ್ತೇ ಗುಣವಾಗಿ ಮನೆಗೆ ಹೋಗಿದ್ದರೆ ನಿಮ್ಮ ಬ್ಯಾನರಿಗೆ ಯಾರನ್ನು ಹುಡುಕುತ್ತಿದ್ದಿರಿ?

ಕಳೆದ ವಾರ ನಿಮ್ಮ ಕೋಣೆಗೆ ಬಂದಾಗ ಇದನ್ನೇ ಕೇಳಿದೆ. ನೀವು ನಕ್ಕಿರಿ. "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಹಾಗಾಯ್ತಮ್ಮಾ ನಿಮ್ಮ ಕಥೆ" ಅಂದಿರಿ. ಮೊಳ ಹಾಕಲು ಬಂದಿರಲಿಲ್ಲ ಸ್ವಾಮಿ, ಆ ದಟ್ಟಿಯನ್ನು ಮಗುವಿನ ಮೂಗಿಗೆ ಒತ್ತಬೇಡಿ ಎಂದು ಹೇಳಲು ಬಂದಿದ್ದೆ.

"ಹಾಗಾದ್ರೆ ಅದೊಂದು ದಿನ ಅವಳನ್ನ ಹಿಂಭಾಗದ ವಾರ್ಡಿಗಾದ್ರೂ ಹಾಕಿ" ಅಂದೆ.

"ಅದು ಹೇಗಾಗುತ್ತೆ? ಬ್ಯಾನರಲ್ಲಿರೋದು ಅವಳೇ ಅಲ್ವಾ? ಜನ ಕೇಳ್ತಾರೆ. ಬಾವುಟ ಬೀಸಿದ ತಕ್ಷಣ ಕಿಟಕಿ ಮುಚ್ಚಿಸ್ತೀನಿ. ಸ್ವಲ್ಪ ಹೊತ್ತು ತಾನೇ, ತಡ್ಕೊಳ್ತಾಳೆ" ಅಂದಿರಿ. ಅಷ್ಟಕ್ಕೇ ಬಿಡದೆ ಮರುದಿನ ವಾರ್ಡಿಗೂ ಬಂದು, ಅವಳ ಕೆನ್ನೆ ತಟ್ಟಿ, ಅದನ್ನೇ ಅವಳಿಗೂ ಹೇಳಿ ಹೋದಿರಿ.

ನಿನ್ನೆ ನಾನು ಲೋಟ ತೊಳೆದು ತರಲು ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅವಳು ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ಬಾಯಿ ಬಿಗಿದು, ಕೆನ್ನೆ ಉಬ್ಬಿಸಿಕೊಂಡು ಕೂತಿದ್ದಳು. ಕಣ್ಣು ಮೇಲಕ್ಕೆ ಹೋಗಿತ್ತು. ನನ್ನ ಕೈಯ ಲೋಟ ಬಿತ್ತು. ಕಿರುಚಿಕೊಂಡೆ. ಅವಳು ಕೆಮ್ಮಿ ಕೆಮ್ಮಿ ನನ್ನ ತೋಳಿಗೆ ಬಿದ್ದಳು. ಸಿಸ್ಟರ್ ಓಡಿಬಂದು ಮಾಸ್ಕ್ ಸರಿ ಮಾಡಿದಳು.

"ಏನೇ ಮಾಡ್ತಿದ್ದೆ, ಮುಂಡೇದೇ?" ಎಂದು ಬೈದೆ. ನನಗೂ ಅಳು ಬಂದುಬಿಟ್ಟಿತ್ತು.

"ಅಭ್ಯಾಸ... ಅಜ್ಜಿ" ಅಂದಳು. "ಕಾರು ಬಂದಾಗ... ಉಸಿರು ಹಿಡ್ಕೊಂಡೇ ಇರ್ತೀನಿ. ಆಗ ಹೊಗೆ... ಒಳಗೆ ಹೋಗಲ್ಲ. ದೊಡ್ಡ ಡಾಕ್ಟರು ಸ್ವಲ್ಪ ಹೊತ್ತು ಅಂದ್ರಲ್ಲಾ... ಎಷ್ಟು ಹೊತ್ತು ಅಂತ ಕೇಳ್ತೀಯಾ?"

ಕೇಳುತ್ತಿದ್ದೇನೆ. ರ‍್ಯಾಲಿ ಮೈದಾನದಿಂದ ಹೊರಡಲಿ, ವಾರ್ಡಿನ ಕಿಟಕಿಗಳು ಮುಚ್ಚಿರಲಿ, ನನ್ನ ಮೊಮ್ಮಗಳ ಮುಖ ನಿಮ್ಮ ಗೇಟಿನಿಂದ ಇಳಿಯಲಿ. ಇದು ನನ್ನ ಬೇಡಿಕೆ. ಇದಾಗುವುದಿಲ್ಲ ಎಂದಾದರೆ ಭಾನುವಾರಕ್ಕೆ ಮೊದಲು ನೀವೇ ಮೇಲೆ ಬನ್ನಿ. ಅವಳ ಹಾಸಿಗೆಯ ಪಕ್ಕ ಕೂತು, ಎಷ್ಟು ಹೊತ್ತು ಉಸಿರು ಹಿಡಿಯಬೇಕೆಂದು ನಿಮ್ಮ ಬಾಯಿಂದಲೇ ಹೇಳಿ. ಸುಮ್ಮನೆ ಬಾಯಿಗೆ ಬಂದದ್ದು ಹೇಳಬೇಡಿ. ಅವಳು ನಿಮ್ಮನ್ನು ನಂಬುತ್ತಾಳೆ. ನೀವು ಹೇಳಿದಷ್ಟು ಹೊತ್ತು ಹಿಡಿದೇ ಹಿಡಿಯುತ್ತಾಳೆ.

ಇಂತಿ,
ತಮಗೆ ವಿಧೇಯಳಾಗಿರಲು ಇನ್ನು ಆಗದ,
ಬ್ಯಾನರಿನ ಹುಡುಗಿಯ ಅಜ್ಜಿ