ಕಾಮಗೆರೆ ಮೊಟ್ಟೆ ಒಲೆಗಾಕು

ಕೊಳ್ಳೇಗಾಲ
೧೪-೧೧-೧೯೬೭, ಮಂಗಳವಾರ

ಮುನಿಸ್ಕಂಡು ತೌರು ಸೇರಿರೋ ಶಂಕರಮ್ಮಂಗೆ, ಇನ್ನೂ ನಿನ್ ಗಂಡ ಅನ್ನಿಸ್ಕಳೋ ಆಸೆ ಬುಡದೆ ಇರೋನು ಬರ್ಕಳೋದು.

ನಾನು ಚೆನ್ನಾಗಿವ್ನಿ ಅಂತ ಬರೀಬೇಕು, ಬರ್ಯಾಕಾಯ್ತಾ ಇಲ್ಲ. ಕಾಮಗೆರೆ ಪುಟ್ಟಮಲ್ಲಪ್ಪನ ಮೊಟ್ಟೆ ಮನೆಯಿಂದ ತಂದಿದ್ದೀರಲ್ಲ, ಆ ರೇಷ್ಮೆ ಮೊಟ್ಟೆ ಹಾಳೆಗಳ್ನ ಒಲೆಗಾಕು. ಶುಕ್ರವಾರ ಒಡ್ದು ಮರಿ ಆಚೆ ಬತ್ತವೆ. ಬಂದ್ಮೇಲೆ ನಾನೂ ಏನೂ ಮಾಡಕ್ಕಾಗಲ್ಲ, ಸರ್ಕಾರನೂ ಏನೂ ಮಾಡಕ್ಕಾಗಲ್ಲ.

ಇದು ತಮಾಸೆ ಅಲ್ಲ ಕಣಮ್ಮಿ. ಓದ್ವರ್ಸ ನಿಮ್ ಹುಳದ ಮನೇಲಿ ‘ಹುಳಕ್ಕೆ ಇರುವೆ ಮುತ್ಕಂಡ್ವು!’ ಅಂತ ಸುಮ್ನೆ ಕೂಗ್ದಾಗ ನಿನ್ ತಮ್ಮ ಕೆಂಪನಂಜಪ್ಪ ಪಂಚೆ ಬುಟ್ಟು ಓಡ್ಬಂದ್ನಲ್ಲ, ಅದು ತಮಾಸೆ. ‘ನಿನ್ ಬಾಯಲ್ಲಿ ಬರೋದ್ರಲ್ಲಿ ಯಾವ್ದ ನಂಬ್ಲಿ’ ಅಂದು ಅವತ್ತಿಂದ ನೀನು ಅಲ್ಲೇ ಉಳ್ಕಂಡೆ.

ನೆನ್ನೆ ನಿಮ್ ಮಾಂಬಳ್ಳಿಗೆ ಬಂದಿದ್ದೆ. ಬಸ್ಸಿಳೀತಿದ್ದಂಗೇ ಕೆಂಪನಂಜಪ್ಪ ಅಂಗ್ಡಿ ಮುಂದೆ ನಿಂತ್ಕಂಡು ‘ಇರುವೆ ಬಾವ ಬಂದ್ರು, ಸಕ್ಕರೆ ಮುಚ್ಚಿಡ್ರಪ್ಪೋ’ ಅಂದ. ಮೊಟ್ಟೆ ಸುಟ್ಟಾಕ್ರೋ ಅಂದೆ. ‘ಸುಟ್ಟು ಅಂಗೇ ಚಟ್ನಿ ಅರೀಲಾ ಬಾವ?’ ಅಂದ. ಎಲ್ಲಾ ನಕ್ರು. ನಿಮ್ ಪಕ್ಕದ್ಮನೆ ಪುಟ್ಟಬಸಮ್ಮ ಒಬ್ಳೇ ನಗ್ದೆ, ಯಾಕೆ ಸುಡ್ಬೇಕು ಏಳಣ್ಣ ಅಂದ್ಳು. ಅದೇ ಬಸ್ಸು ವಾಪಸ್ ಬಂತು, ಹತ್ಕಂಡು ಬಂದ್ಬುಟ್ಟೆ.

ಯಾಕೆ ಅಂತ ನಿಂಗೊಬ್ಳಿಗೆ ಏಳ್ತೀನಿ. ಎರಡು ವರ್ಸದಿಂದ ಬೆಳಗಾನೆ ಆರಕ್ಕೆ ಕಾಮಗೆರೆ ಬಸ್ಸು ಹತ್ತಿ, ಪುಟ್ಟಮಲ್ಲಪ್ಪನ ಚಿಟ್ಟೆ ಪರೀಕ್ಷೆ ಮಾಡ್ಕೊಟ್ಟು, ಹತ್ತಕ್ಕೆ ನಮ್ ರೇಷ್ಮೆ ಆಪೀಸಲ್ಲಿ ರುಜು ಆಕ್ತಿದ್ದೆ. ಸರ್ಕಾರದ ಸಂಬಳ ತಿನ್ನೋನು ಅಂಗೆ ಮಾಡಂಗಿಲ್ಲ. ಕಾಸಿನಾಸೆ ಅಂದ್ಕಬ್ಯಾಡ. ಆಪೀಸಲ್ಲಿ ಮೊನ್ನೆ ಬಂದೋರೂ ‘ಏ ಪುಟ್ಟಮಾದಪ್ಪ’ ಅಂತಾರೆ. ಅಲ್ಲಿ ಕುರ್ಚಿ ಆಕಿ, ಕಾಪಿ ಕೊಟ್ಟು, ‘ನೀವೇಳ್ದಂಗೆ ಸಾ’ ಅಂತಾರೆ. ಸಂಬಳ ಸಾಕಿತ್ತು, ‘ಸಾ’ ಸಾಲ್ದೆ ಓಯ್ತು.

ಮೊಟ್ಟೆ ಇಟ್ಟ ಒಂದೊಂದು ತಾಯಿಚಿಟ್ಟೆನೂ ಅರ್ದು, ತೊಟ್ಟು ರಸ ಗಾಜಿನ ಮೇಲಾಕಿ ಮೈಕ್ರೋಸ್ಕೋಪಲ್ಲಿ ನೋಡ್ಬೇಕು. ತಾಯಿಗೆ ಗಂಟುರೋಗ ಇದ್ರೆ ಮೊಟ್ಟೆಗೂ ಅದೇ. ಹುಳ ಗೂಡು ಕಟ್ದೆ ಸಾಯ್ತವೆ, ಪಕ್ಕದ ತಟ್ಟೆಗೂ ಅಂಟಿಸ್ತವೆ. ಮೊದ್ಮೊದ್ಲು ಎಲ್ಲಾ ನೋಡ್ತಿದ್ದೆ. ಆಮೇಲೆ ಬಸ್ಸು ತಪ್ತದೆ ಅಂತ ಹತ್ತಕ್ಕೊಂದು. ಈ ಸಲ ಐವತ್ತಕ್ಕೊಂದು ನೋಡಿ ‘ಮೊಟ್ಟೆ ಚೊಕ್ಕ’ ಅಂತ ಚೀಟಿ ಬರ್ಕೊಟ್ಟೆ.

ಶನಿವಾರ ನಮ್ ಆಪೀಸರು ಒಂದು ಡಬ್ಬಿ ತಂದು ನನ್ ಮೇಜಿನ ಮೇಲಿಟ್ಟು, ಸರ್ಕಾರದ ತಪಾಸಣೆ, ನೀನೇ ನೋಡು ಅಂದ್ರು. ಮುಚ್ಚಳದ ಮೇಲೆ ಕಾಮಗೆರೆ ಅಂತಿತ್ತು. ಒಳಗೆ ನಾನು ನೋಡ್ದೆ ಬುಟ್ಟ ಚಿಟ್ಟೆಗಳು, ಒಣಗ್ಸಿ ಇಟ್ಟವ್ರೆ. ಒಂದೊಂದ್ನೂ ನೋಡ್ದೆ. ರಾಗಿ ಚೆಲ್ದಂಗೆ ರೋಗ ಮಿಣಮಿಣ ಅಂತದೆ. ಡಬ್ಬಿ ಮುಚ್ಚಿ ಮೇಜಿನ ಕೆಳಕ್ಕೆ ತಳ್ದೆ. ವರದಿ ಇನ್ನೂ ಬರ್ದಿಲ್ಲ. ಕೊಟ್ರೆ ಪುಟ್ಟಮಲ್ಲಪ್ಪ ನನ್ ಚೀಟಿ ತೆಗ್ದು ಆಪೀಸರ್ಗೆ ತೋರಿಸ್ತಾನೆ. ಪಿಂಚಣಿಗೆ ಇನ್ನು ಹದ್ನಾಕು ತಿಂಗ್ಳು. ಪಿಂಚಣಿ ಓದ್ರೆ ಮೈಮೇಲಿನ ಪಂಚೆನೂ ಓಯ್ತದೆ.

ಅದ್ಕೇ ನೀನು ನಿನ್ ಹಾಳೆ ಸುಟ್ಟು, ಇಲಿ ತಿಂದ್ವು ಅಂದ್ಬುಡು. ಯಾರ್ಗೂ ಏಳ್ಬ್ಯಾಡ. ನಿಮ್ ಬೀದೀಲಿ ಒಂಬತ್ತು ಮನೇಲಿ ಅದೇ ಮೊಟ್ಟೆ ಅದೆ. ಪುಟ್ಟಬಸಮ್ಮನಂತೂ ನನ್ ಮಾತ ಕೇಳ್ಕಂಡೇ ಕಾಮಗೆರೆಗೋಗಿ ತಂದ್ಳು. ಅವಳ್ಗೇನು ಏಳೋದು ಅಂತ ಬರ್ಯಾಕೋಗಿ ಎರಡು ಕಾಗ್ದ ಹರ್ದಾಕ್ದೆ. ಗೊತ್ತಾಯ್ತಾ ಇಲ್ಲ ಕಣಮ್ಮಿ. ನಗ್ಸಕ್ಕೂ ಏನೂ ತೋಚ್ತಿಲ್ಲ.

ನಿನ್ ಗಂಡ
ಪುಟ್ಟಮಾದಪ್ಪ

ಇನ್ನೊಂದ್ಮಾತು: ಲೇ ಪೋಸ್ಟು ಮಾರಯ್ಯ, ಶಂಕರಮ್ಮಂಗೆ ಅಕ್ಷರ ಬರಾಕಿಲ್ಲ, ಅವಳ ಕಾಗ್ದ ಓದಿ ಏಳೋನು ನೀನೇ ಅಂತ ಗೊತ್ತಿದ್ದೇ ಬರ್ದೆ. ‘ನಿಂಗೊಬ್ಳಿಗೆ’ ಅಂದಿದ್ದು ನಂಗೇ ಧೈರ್ಯ ಬರ್ಲಿ ಅಂತ ಕಣ್ಲಾ. ಈಗ ಪುಟ್ಟಬಸಮ್ಮನ್ನ, ಕೆಂಪನಂಜಪ್ಪನ್ನ, ಬೀದಿಯೋರ್ನೆಲ್ಲ ಕೂಗು. ಜಗಲಿ ಮೇಲೆ ನಿಂತ್ಕಂಡು ಮೊದ್ಲಿಂದ ಗಟ್ಟಿಯಾಗಿ ಓದು. ಯಾರಾದ್ರೂ ನಕ್ರೆ ಈ ಕಾಗ್ದನ ಅವರ ಕೈಗೇ ಕೊಡು. ನಮ್ ಆಪೀಸರ್ಗೆ ತೋರ್ಸಿ, ರುಜು ಪುಟ್ಟಮಾದಪ್ಪಂದೇನಾ ಅಂತ ಕೇಳ್ಕಂಡು ಬರ್ಲಿ.