ಕುಂಕುಮ ಹಚ್ಚಿದ ಡಿಸ್ಕಿನ ಬಗ್ಗೆ ಮುತ್ತಜ್ಜನಿಗೊಂದು ತಕರಾರು

ದಾವಣಗೆರೆ,
ಫೆಬ್ರವರಿ ೩೦, ೨೧೧೦

ತೀರ್ಥರೂಪು ಮುತ್ತಜ್ಜ ರುದ್ರಮುನಿಯವರಿಗೆ ಮರಿಮಗಳು ಮಂದಾರೆಯ ನಮಸ್ಕಾರ, ಆಮೇಲೆ ಸಿಟ್ಟು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಸಂಬಳಕ್ಕೆ ಕಾಯುವುದು ಮಾತ್ರ ಹಾಗೇ ಇದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ನಿಮ್ಮನ್ನು ಮನ್ನಿಸುವ ವಿಚಾರ ಕೊನೆಗೆ ನೋಡೋಣ.

ಈಗ ಮದುವೆಯಲ್ಲಿ ಧಾರೆಗೆ ಮುಂಚೆ ದನಿಶಾಸ್ತ್ರ ಎಂಬುದೊಂದಿದೆ. ಎರಡೂ ಮನೆಯವರು ತಮ್ಮ ಹಿರಿಯರ ದನಿಯನ್ನು ಚಪ್ಪರದಲ್ಲಿ ಕೇಳಿಸಬೇಕು. ಅದಕ್ಕಾಗಿ ಹಳೆಯ ಕಂಪ್ಯೂಟರ್ ಡಿಸ್ಕುಗಳನ್ನು, ಅವುಗಳಿಂದ ದನಿ ತೆಗೆದುಕೊಡುವ ನೆನಪಿನಂಗಡಿಗೆ ಒಯ್ಯುತ್ತೇವೆ. ನಿಮ್ಮ ಕಾಲದ ರೇಷನ್ ಅಂಗಡಿಯಂಥದ್ದು, ಕ್ಯೂ ಕೂಡ ಅದೇ. ಮುಂದಿನ ವಾರ ನನ್ನ ಮಗಳ ಮದುವೆ. ಹುಡುಗನ ಮುತ್ತಜ್ಜ ಗ್ಯಾಸ್ ಬುಕ್ ಮಾಡುವ ದನಿಯನ್ನು ಬೀಗರು ತಂದಿದ್ದಾರೆ, ತಂದು ಬೀಗುತ್ತಿದ್ದಾರೆ. ನಮಗೆ ಅದಕ್ಕೂ ಗತಿಯಿಲ್ಲ.

ನಿಮ್ಮ ಪೆಟ್ಟಿಗೆಯ ಎರಡೂ ಡಿಸ್ಕುಗಳನ್ನು ಒಯ್ದೆ. ಹೊಸದರ ಪಿನ್ನುಗಳ ಸಂದಿಯಲ್ಲಿ ಕುಂಕುಮ ಇನ್ನೂ ಕೆಂಪಗಿತ್ತು. ಹಳೆಯದರ ಒಳಗೆ ಬರೀ ಬಯಲು.

ನಡೆದದ್ದು ಮನೆಯವರಿಗೆಲ್ಲ ಬಾಯಿಪಾಠ. ಆಯುಧಪೂಜೆಗೆ ಹೊಸ ಡಿಸ್ಕ್ ತಂದು, ಸ್ಕೂಟರಿಗೆ ಹಚ್ಚಿದಂತೆ ಅದಕ್ಕೂ ಕುಂಕುಮ ಹಚ್ಚಿದಿರಿ, ಅದೂ ನೇರ ಪಿನ್ನುಗಳ ಬಾಯಿಗೆ. ಒಳಗೆ ಕೂರಿಸಿದರೆ ಲ್ಯಾಪ್‌ಟಾಪು ಅದರ ಗುರುತೇ ಹಿಡಿಯಲಿಲ್ಲ. ತೀರಿಹೋದ ನಿಮ್ಮ ಅಮ್ಮ ಬಸಲಿಂಗಮ್ಮನ ದನಿಯಿದ್ದ ಹಳೆಯ ಡಿಸ್ಕನ್ನು ಹೊರಗಿನಿಂದ ವೈರಿನಲ್ಲಿ ಸಿಕ್ಕಿಸಿದ್ದಿರಿ. ಹಾಗಾಗಿ ಪರದೆಯಲ್ಲಿ ಅದೊಂದೇ ಕಂಡಿತು. ಅದನ್ನೇ ಹೊಸದು ಅಂದುಕೊಂಡು ಫಾರ್ಮ್ಯಾಟ್ ಮಾಡಹೊರಟಿರಿ. "ರೀ, ಕುಂಕುಮ ಒರೆಸಿ ನೋಡಿ" ಅಂದರಂತೆ ಮುತ್ತಜ್ಜಿ. "ದೇವರ ಕುಂಕುಮದಿಂದ ಯಾವ ಮೆಷೀನೂ ಕೆಡಲ್ಲ ಕಣೇ" ಅಂದಿರಂತೆ ನೀವು. ಪೂರ್ತಿ ಅಳಿಸಲೇ ಎಂದು ಯಂತ್ರ ಕೇಳಿತು, ಪಾಪ, ಮತ್ತೊಮ್ಮೆಯೂ ಕೇಳಿತು. ಹೌದು ಎಂದು ಒತ್ತಿದಿರಿ.

ಬಸಲಿಂಗಮ್ಮ ಬೈದರೆ ಪ್ರಾಸವಿಟ್ಟೇ ಬೈಯುತ್ತಿದ್ದರಂತೆ. ನಿಮ್ಮ ಮೇಲೆ ಕಟ್ಟಿದ ಬೈಗುಳದಲ್ಲಿ ನಮಗೆ ಉಳಿದಿರುವುದು ಅರ್ಧ: "ಬೆಲ್ಲ ಕದ್ದವನ ಗಲ್ಲ ನೋಡಿ." ಉಳಿದರ್ಧಕ್ಕೆ ಹಲ್ಲ, ಎಲ್ಲ, ಮೆಲ್ಲ ಎಂದು ಮನೆಮಂದಿಯೆಲ್ಲ ತಡಕಾಡಿದ್ದೇವೆ, ಯಾವುದೂ ಕೂರುವುದಿಲ್ಲ. ನಿಮಗೆ ಗೊತ್ತಿತ್ತು. ಅಳಿಸಿದ ನಾಚಿಕೆಗೆ ಅಮ್ಮನ ಮಾತನ್ನೇ ಎತ್ತದೆ ತುಟಿ ಹೊಲಿದುಕೊಂಡು ಕೂತಿರಿ. ನನ್ನ ಸಿಟ್ಟು ಕುಂಕುಮದ ಮೇಲಲ್ಲ, ಆ ಮೌನದ ಮೇಲೆ.

ಈ ಪತ್ರ ನಿಮ್ಮ ಕಾಲದ ಯಾವ ದಿನಕ್ಕೆ ತಲುಪುತ್ತದೋ ಗೊತ್ತಿಲ್ಲ. ಹಬ್ಬ ಇನ್ನೂ ಬಂದಿಲ್ಲವಾದರೆ ಕುಂಕುಮವನ್ನು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಹಚ್ಚಿ. ಹಚ್ಚಿಯಾಗಿದ್ದರೆ ಡಿಸ್ಕ್ ಬಿಚ್ಚಿ, ಒಣ ಬ್ರಷ್ಷಿನಿಂದ ಪಿನ್ನು ಮೆತ್ತಗೆ ಉಜ್ಜಿ, ಹಳೆಯದರ ವೈರು ತೆಗೆದಿಟ್ಟು ಮುಂದುವರಿಯಿರಿ. ಒತ್ತಿಯೇ ಬಿಟ್ಟಿದ್ದರೆ, ಮೊಬೈಲ್ ಎತ್ತಿಕೊಂಡು ಆ ಬೈಗುಳವನ್ನು ಪೂರ್ತಿ ನೀವೇ ಹೇಳಿ ಇಡಿ. ದನಿ ನಡುಗಿದರೂ ನಡೆಯುತ್ತದೆ.

ಚಪ್ಪರದಲ್ಲಿ ಮೊದಲರ್ಧ ನಾನು ಹೇಳಿ ನಿಲ್ಲಿಸುತ್ತೇನೆ. ಉಳಿದರ್ಧ ನಿಮ್ಮ ದನಿಯಲ್ಲಿ ಕೇಳಿಸಿದರೆ ಮನ್ನಿಸಿದಂತೆ.

ನಿಮ್ಮ
ಮಂದಾರೆ